ಮದಗದ ಕೆರೆಯಲ್ಲಿ ಕಂಬಳಿಯ ಹಾಯಿ

ಹೋದ ತಿಂಗಳು ಬೀರೂರಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿದ್ದೆ. ಸೋನೆ ಹಿಡಿದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ದಾರಿಯಲ್ಲಿ ಕುರಿ ಕಾಯುವ ಯಜಮಾನರೊಬ್ಬರು ತೊಯ್ದ ಕಂಬಳಿ ಹೊದ್ದುಕೊಂಡೇ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಅರ್ಧ ಬಸ್ಸು ಮೂಗಿಗೆ ಸೆರಗು, ಕರ್ಚೀಫು ಹಿಡಿಯಿತು. "ಏನ್ ಯಜಮಾನ್ರೇ, ಕುರೀನೂ ಜೊತೇಲೇ ಕರ್ಕೊಂಡ್ ಬಂದ್ರಾ? ಅದಕ್ಕೂ ಟಿಕೆಟ್ ಹರೀಲಾ?" ಎಂದ ಕಂಡಕ್ಟರ್. ನಾನೊಬ್ಬಳು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಪಕ್ಕದ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ ಬಿಡಿ. ಕಡಲೇ ಇಲ್ಲದ ಈ ಸೀಮೆಯಲ್ಲಿ ನಾವು ಹಡಗು ಕಟ್ಟಿದ ವರ್ಷ ನಮ್ಮ ಮನೆಯೆಲ್ಲ ಇದೇ ವಾಸನೆಯಿತ್ತು, ಅದು ಅವಳಿಗೇನು ಗೊತ್ತು.

ಆಗ ನಾನು ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವರ್ಗವಾಗಿ ಬಂದವಳಿಗೆ ಬಾಡಿಗೆಗೆ ಸಿಕ್ಕಿದ್ದು ಇನಾಯತ್ ಸಾಹೇಬರ ಮಹಡಿಯ ಮೇಲಿನ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ಸಾಹೇಬರು ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಮನೆಗೆ ಬಂದವರು. ಅವರ ಹೆಂಡತಿ ಜೈನಬ್ಬಿ ಊರಿನಲ್ಲೇ ಹೆಸರಾದ ಟೈಲರ್. "ಅವರ ಮನೆ, ನಮ್ಮ ಮನೆ, ಹೊಂದುತ್ತೇನೇ?" ಎಂದು ನಮ್ಮಮ್ಮ ಫೋನಿನಲ್ಲಿ ರಾಗ ಎಳೆದಿದ್ದಳು. ಹೊಂದುವುದೇನು, ಬೆಳಿಗ್ಗೆ ಅವಸರದಲ್ಲಿ ವಿಭೂತಿ ಹಚ್ಚಿಕೊಂಡು ಮೆಟ್ಟಿಲಿಳಿದರೆ ಜೈನಬ್ಬಿಯೇ ಅಡ್ಡ ನಿಂತು, "ಟೀಚರಮ್ಮ, ಎಡಗಡೆ ಅಳಿಸೈತೆ, ಸರಿ ಮಾಡ್ಕೊಳ್ಳಿ" ಎನ್ನುತ್ತಿದ್ದರು. ಅಳತೆ ತಪ್ಪಿದ್ದು ಏನಿದ್ದರೂ ಆಕೆಯ ಕಣ್ಣು ಸಹಿಸುತ್ತಿರಲಿಲ್ಲ.

ಅವರ ಬಾಳಿನಲ್ಲಿ ಅಳತೆ ತಪ್ಪಿದ್ದು ಒಂದೇ. ಮದುವೆಯಾದ ಹನ್ನೊಂದನೇ ದಿನಕ್ಕೆ ಸಾಹೇಬರು ಮುಂಬೈ ರೈಲು ಹತ್ತಿದ್ದರಂತೆ. ಮಗಳು ಹುಟ್ಟುವ ಮೊದಲೇ ಹೋದ ಮನುಷ್ಯ ಬಂದು ಮುಖ ನೋಡುವ ಹೊತ್ತಿಗೆ ಮಗು ಗೋಡೆ ಹಿಡಿದು ನಡೆಯುತ್ತಿತ್ತಂತೆ. ಜೈನಬ್ಬಿಯ ಅಪ್ಪ ತೀರಿಕೊಂಡಾಗ ಇಲ್ಲ, ಮಳೆಗೆ ಹಿಂದಿನ ಗೋಡೆ ಬಿದ್ದಾಗ ಇಲ್ಲ. ವರ್ಷಕ್ಕೊಮ್ಮೆ ಪೆಟ್ಟಿಗೆ ತುಂಬ ಸಾಮಾನು ತರುವುದು, ಹಂಚಿ ಮುಗಿಯುವ ಹೊತ್ತಿಗೆ ಹೊರಡುವುದು. ಒಂದು ಸಲವಾದರೂ ಬಂದರಿಗೆ ಬಂದು ಕಳಿಸಿಕೊಡು ಎಂದು ಪ್ರತಿ ಸಲ ಕರೆಯುತ್ತಿದ್ದರಂತೆ. ಜೈನಬ್ಬಿ ಊರ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ದಾಟಿದವರಲ್ಲ.

"ಹಡಗು ಅಂದ್ರೆ ನನ್ ಸವತಿ ಕಣ್ರೀ ಟೀಚರಮ್ಮ. ಅವಳ ಮುಖಾನ ಇಷ್ಟ್ ವರ್ಷ ನೋಡಿಲ್ಲ, ಮುಂದೂ ನೋಡಾಕಿಲ್ಲ" ಎಂದು ಮಿಷನ್ ತುಳಿಯುತ್ತಲೇ ನಗುತ್ತ ಹೇಳುತ್ತಿದ್ದರು. ನಗುವೇನೋ ನಿಜ, ಆದರೆ ಅಷ್ಟು ಹೊತ್ತು ಮಿಷನ್ನಿನ ವೇಗ ಹೆಚ್ಚುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಸಾಹೇಬರು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ಮಹಡಿಗೆ ಬಂದರು. ಅದರ ತುಂಬ ನಕ್ಷೆಗಳು. "ಮೇಡಂ, ಇಂಜಿನ್ನಿನ ಇಂಗ್ಲಿಷ್ ನಂಗೆ ಬತ್ತದೆ. ಇದು ಬರಾಕಿಲ್ಲ. ಸ್ವಲ್ಪ ಓದಿ ಹೇಳ್ತೀರಾ?" ಎಂದರು. ವೈಕಿಂಗರ ಹಡಗಿನ ಪುಸ್ತಕ ಅದು. ಸಾವಿರ ವರ್ಷಕ್ಕೂ ಹಿಂದೆ ಉತ್ತರದ ಚಳಿಯ ದೇಶಗಳಲ್ಲಿದ್ದ ಕಡಲ ಜನ ಅವರು. ಸಾಹೇಬರ ಹಡಗು ರಿಪೇರಿಗೆಂದು ನಾರ್ವೆಯಲ್ಲಿ ನಿಂತಿದ್ದಾಗ ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಅಂಥದೊಂದನ್ನು ಕಂಡಿದ್ದರು. ಮಣ್ಣಿನಡಿ ಹೂತಿದ್ದನ್ನು ಅಗೆದು ತೆಗೆದ ಹಡಗು.

"ಅದು ಹೆಂಗಸಿನ ಹಡಗಂತೆ ಮೇಡಂ. ಸತ್ತ ಮೇಲೆ ಅದ್ರಲ್ಲೇ ಮಲಗಿಸಿ ಮಣ್ಣು ಮಾಡಿದ್ರಂತೆ. ಅವತ್ತಿಂದ ನಂಗೆ ಒಂದೇ ಯೋಚ್ನೆ. ಅಷ್ಟು ಚಂದದ ಹಡಗನ್ನ ಸತ್ತ ಮೇಲೆ ಕೊಟ್ಟು ಏನ್ ಪ್ರಯೋಜನ? ಚಿಕ್ಕದಾದ್ರೂ ಸರಿ, ನಾನೇ ಕಟ್ಟಿ ಜೈನಬ್‌ನ ಒಂದ್ಸಲ ಕೂರಿಸ್ಬೇಕು. ಅಷ್ಟೇ." ಮೆಟ್ಟಿಲ ಕಡೆ ನೋಡಿ, "ಅವ್ಳಿಗೆ ಹೇಳ್ಬೇಡಿ. ಹೇಳಿದ್ರೆ ಮುಗೀತು" ಎಂದರು.

ಎಪ್ಪತ್ತರ ಹತ್ತಿರದ ಮನುಷ್ಯ ಹೆಂಡತಿಯ ಕಣ್ಣು ತಪ್ಪಿಸಿ ಹೀಗೆ ಪಿಸುಗುಟ್ಟಿದ್ದು ಕೇಳಿ ನಾನು ಪುಸ್ತಕ ಕೈಗೆ ತೆಗೆದುಕೊಂಡೆ. ಆಗಲೇ ಒಪ್ಪಿಕೊಂಡೆ.

ಕಟ್ಟುವವರು ತರೀಕೆರೆಯ ಈರಾಚಾರ್ರು. ಎತ್ತಿನಗಾಡಿ ಮಾಡುವುದರಲ್ಲಿ ಅವರ ಮನೆತನದ್ದು ಎತ್ತಿದ ಕೈ. ಮರಗೆಲಸವೂ ಅವರದೇ, ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆಯುವುದೂ ಅವರದೇ. ಟ್ರ್ಯಾಕ್ಟರು ಬಂದ ಮೇಲೆ ಗಾಡಿ ಕೇಳುವವರಿಲ್ಲದೆ ಕಿಟಕಿ, ಬಾಗಿಲು ಮಾಡಿಕೊಂಡಿದ್ದರು. ಅಜ್ಜಂಪುರದಲ್ಲೇ ಖಾಲಿ ಬಿದ್ದಿದ್ದ ಒಂದು ಈರುಳ್ಳಿ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹದಿನೆಂಟು ಅಡಿಯ ಹಡಗು. ದೋಣಿ ಎಂದರೆ ಸಾಹೇಬರಿಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ನಾನೂ ಹಡಗೆಂದೇ ಬರೆಯುತ್ತೇನೆ.

ಮೊದಲ ದಿನವೇ ಜಗಳ. ಗಾಡಿ ಮಾಡುವವರು ಮೊದಲು ಚೌಕಟ್ಟು ಕಟ್ಟಿ ಆಮೇಲೆ ಹಲಗೆ ಹೊಡೆಯುತ್ತಾರೆ. ವೈಕಿಂಗರದು ಉಲ್ಟಾ. ಅಡಿಮರದ ಎರಡೂ ಕಡೆಗೆ ಹಲಗೆಯ ಮೇಲೆ ಹಲಗೆ, ಹೆಂಚು ಹೊದಿಸಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಮೊಳೆ ಹೊಡೆದು ಮೈ ಮುಗಿಸಿ, ಆಮೇಲೆ ಒಳಗೆ ಪಕ್ಕೆಲುಬು ಕೂರಿಸುವುದು.

"ಮೇಡಂ, ಸರ್ಯಾಗಿ ಓದಿದ್ರಾ? ಮೊದ್ಲು ಚರ್ಮ, ಆಮೇಲೆ ಮೂಳೇನಾ?"

"ಹಾಗೇ ಬರೆದಿದೆ ಆಚಾರ್ರೇ."

"ಬರ್ದೋನು ಯಾವತ್ತಾದ್ರೂ ಉಳಿ ಹಿಡ್ದವ್ನಾ ಕೇಳಿ!"

ಬೈದುಕೊಂಡೇ ಮಾಡಿದರು. ಮಾಡುತ್ತ ಮಾಡುತ್ತ ಅವರ ಬೈಗುಳ ತಗ್ಗಿತು, ಆರನೇ ಹಲಗೆಯ ಹೊತ್ತಿಗೆ ಅಂಗೈಯಿಂದ ಹಡಗಿನ ಹೊಟ್ಟೆ ಸವರಿ, "ಪರ್ವಾಗಿಲ್ಲ, ತಿಳ್ದೋರೇ ಅವ್ರು" ಎಂದರು. ಆದರೆ ಒಂದು ಮಾತಿಗೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹಲಗೆ ಹಸಿ ಮರದ್ದಿರಬೇಕು ಎಂದಿತ್ತು ಪುಸ್ತಕದಲ್ಲಿ. ಈರಾಚಾರ್ರು ಓದುತ್ತಿದ್ದ ನನ್ನ ಕೈಯಿಂದ ಪುಸ್ತಕ ತೆಗೆದು ಮಡಿಚಿಟ್ಟರು. "ಹಸಿ ಮರದಲ್ಲಿ ಕೆಲ್ಸ ಮಾಡಿದ್ರೆ ನಮ್ಮಪ್ಪ ಸಮಾಧಿ ಒಡ್ಕೊಂಡು ಎದ್ ಬತ್ತಾನೆ. ಅಟ್ಟದ ಮೇಲೆ ಒಂಬತ್ತು ವರ್ಷ ಒಣಗಿಸಿರೋ ಹಲಸಿನ ಹಲ್ಗೆ ಐತೆ ನನ್ ಹತ್ರ. ಹೊಡುದ್ರೆ ಗಂಟೆ ಬಾರಿಸ್ದಂಗೆ ಕೇಳ್ತದೆ." ಸಾಹೇಬರು ಕಬ್ಬಿಣದ ಮನುಷ್ಯ, ಮರದ ಸಂಗತಿ ಗೊತ್ತಿಲ್ಲ. ನನ್ನ ಮುಖ ನೋಡಿದರು. ತೇಲುವುದಕ್ಕೂ ಮರ ಹಸಿಯೋ ಒಣಗಿದ್ದೋ ಎಂಬುದಕ್ಕೂ ಅಂಥ ಸಂಬಂಧವೇನಿಲ್ಲ, ಎಷ್ಟು ನೀರನ್ನು ಸರಿಸುತ್ತದೆ ಎಂಬುದೇ ಮುಖ್ಯ ಎಂದು ಒಂಬತ್ತನೇ ತರಗತಿಗೆ ಹೇಳುವಷ್ಟೇ ಗತ್ತಿನಿಂದ ತೀರ್ಪು ಕೊಟ್ಟೆ. ಓದಿದವರ ಮಾತು ಎಂದು ಇಬ್ಬರೂ ನಂಬಿದರು.

ಆ ಬೇಸಿಗೆ ಕೆಂಡದಂಥದು. ತಗಡಿನ ಶೆಡ್ಡಿನಲ್ಲಿ ಹಡಗು ದಿನಕ್ಕೊಂದಿಷ್ಟು ಬೆಳೆಯಿತು. ನಾನು ಶಾಲೆ ಬಿಟ್ಟು ಸೀದಾ ಅಲ್ಲಿಗೆ ಹೋಗಿ, ಹಲಗೆಗಳ ನಡುವೆ ತುಂಬಲು ಕುರಿಯ ಉಣ್ಣೆಯನ್ನು ಹೊಸೆದು ಟಾರಿನಲ್ಲಿ ಅದ್ದಿ ಕೊಡುತ್ತಿದ್ದೆ. ಮರುದಿನ ಬೋರ್ಡಿನ ಮೇಲೆ ಬರೆಯುವಾಗ ಬೆರಳೆಲ್ಲ ಕಪ್ಪು. ಮುಂದಿನ ತುದಿಗೆ ಡ್ರ್ಯಾಗನ್ನಿನ ತಲೆ ಕೆತ್ತಬೇಕಿತ್ತು. ನೋಡಿಲ್ಲದ ಪ್ರಾಣಿಯನ್ನು ಕೆತ್ತುವುದಿಲ್ಲ ಎಂದ ಈರಾಚಾರ್ರು ಅಮೃತಮಹಲ್ ಹೋರಿಯ ತಲೆ ಕೂರಿಸಿದರು, ಉದ್ದ ಕೊಂಬು, ಚೂಪು ಮೂತಿ. ವೈಕಿಂಗರು ನೋಡಿದ್ದರೆ ಅವರೂ ಬೆದರುತ್ತಿದ್ದರು. ಊರಿನವರಂತೂ ದಿನಾ ಬಂದು ನೋಡಿ, "ಸಾಹೇಬ್ರೇ, ರೈಲ್ವೇ ಹಳಿ ಮೇಲೆ ಬಿಡ್ತೀರಾ?" ಎಂದು ಕೇಳಿ ಹೋಗುತ್ತಿದ್ದರು. ಹಾಗೇ ಸುದ್ದಿ ಜೈನಬ್ಬಿಯ ಕಿವಿಗೂ ಬಿತ್ತು.

ಹಾಯಿಯ ವಿಷಯ ಬಂದಾಗ ನಾವೇ ಬೆರಗಾದೆವು. ವೈಕಿಂಗರ ಹಾಯಿ ಉಣ್ಣೆಯದು! "ಅಂದ್ರೆ ಕಂಬಳಿ" ಎಂದರು ಈರಾಚಾರ್ರು. ಎಮ್ಮೆದೊಡ್ಡಿ ಕಡೆಯ ಕರಿಯಪ್ಪ ಎಂಬ ನೇಕಾರ ಎಂಟು ಉದ್ದನೆ ಪಟ್ಟಿ ನೇಯ್ದು, ತಾನೇ ಜೋಡಿಸಿ ಹೊಲಿದು, ಹೆಗಲ ಮೇಲೆ ಹೊತ್ತು ತಂದು ಸಾಹೇಬರ ಅಂಗಳದಲ್ಲಿ ಹಾಸಿದ. ಜೈನಬ್ಬಿ ಬಾಗಿಲಲ್ಲಿ ನಿಂತು ನೋಡಿದರು. ಹಡಗಿನ ಸುದ್ದಿಗೇ ಬಾರದೆ ಅಷ್ಟು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದ್ದ ಹೆಂಗಸು ಈಗ ತಡೆಯಲಾರದೆ ಹೋದರು.

"ಇದನ್ನ ಹೊಲಿಗೆ ಅಂತಾರೇನಪ್ಪಾ? ಹಾವು ಹರ್ದಂಗೈತೆ!"

ಕಂಬಳಿಯ ದಪ್ಪಕ್ಕೆ ಮಿಷನ್ನಿನ ಸೂಜಿ ಮುರಿಯಿತು. ಜೈನಬ್ಬಿ ದಬ್ಬಳ ತಂದರು, ಸೆಣಬಿನ ದಾರಕ್ಕೆ ಜೇನುಮೇಣ ಉಜ್ಜಿದರು, ಕರಿಯಪ್ಪನ ಹೊಲಿಗೆ ಬಿಚ್ಚಿ ಆರು ಸಾಲು ಹೊಸದಾಗಿ ಹೊಲಿದರು. ಏಳನೆಯದಕ್ಕೆ ಕೈ ಹಾಕಿದಾಗ ಕರಿಯಪ್ಪ ಗೋಗರೆದ. "ಅಕ್ಕಾ, ಒಂದಾದ್ರೂ ನಂದು ಇರ್ಲಿ ಬಿಡಿ. ಊರಲ್ಲಿ ನಾನೇ ಮಾಡಿದ್ದು ಅಂತ ಹೇಳ್ಕೊಂಡಿವ್ನಿ." ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟರು. ಗಾಳಿ ಹಾಯದಂತೆ ಹಾಯಿಗೆ ಕುರಿಯ ಕೊಬ್ಬು, ಕೆಮ್ಮಣ್ಣು ಕಾಯಿಸಿ ಬಳಿದ ದಿನ ನಾನು ಮೂಗಿಗೆ ಸೆರಗು ಬಿಗಿದುಕೊಂಡು ಮಹಡಿಯ ಕಿಟಕಿ ಹಾಕಿಕೊಂಡೆ. ಒಂದು ವಾರ ನನ್ನ ಸಾರಿಗೂ ಅದೇ ವಾಸನೆ.

"ಹೊಲ್ದಿದ್ದು ಹೊಲಿಗೆಗೋಸ್ಕರ. ಹಡಗಿಗಲ್ಲ" ಎಂದು ಜೈನಬ್ಬಿ ನನಗೆ ಎರಡು ಸಲ ಸ್ಪಷ್ಟಪಡಿಸಿದರು.

ಆಷಾಢದಲ್ಲಿ ಗಾಳಿ ಎದ್ದಿತು. ಬೆಟ್ಟದ ಕಡೆ ಮಳೆ ಚೆನ್ನಾಗಿ ಬಿದ್ದು ಮದಗದ ಕೆರೆ ತುಂಬಿತ್ತು. ಅದರಲ್ಲಿ ಹಡಗು ಬಿಡಲು ಅಪ್ಪಣೆಯೂ ಸಿಕ್ಕಿತು. ಹೊರಡುವ ಬೆಳಿಗ್ಗೆ ಸಾಹೇಬರು ಚಹಾದ ಲೋಟ ತಿರುಗಿಸುತ್ತ, ಹೆಂಡತಿಯನ್ನು ನೋಡದೆ ಕೇಳಿದರು. "ನೀನೂ ಬಾ. ಒಂದ್ ಸುತ್ತು ಕೂತ್ಕೊ."

"ಸವತಿ ತೊಡೆ ಮೇಲೆ ಕೂರಾಕಾ? ನಾನ್ ಬರಾಕಿಲ್ಲ."

ಟ್ರ್ಯಾಕ್ಟರಿನ ಮೇಲೆ ಹಡಗು ಹೊರಟಿತು. ಕಡೂರು ದಾಟುವಾಗ ಜನ ಬೈಕು ನಿಲ್ಲಿಸಿ ವಿಡಿಯೋ ಮಾಡಿಕೊಂಡರು. ಕೆರೆಯ ದಡದಲ್ಲಿ ಸುತ್ತಲ ಹಳ್ಳಿಯವರೆಲ್ಲ ಸೇರಿದ್ದರು. ಈರಾಚಾರ್ರು ಕಾಯಿ ಒಡೆದರು, ಸಾಹೇಬರು ಕಣ್ಣು ಮುಚ್ಚಿ ದುವಾ ಮಾಡಿದರು, ಮೀನು ಹಿಡಿಯುವ ಇಬ್ಬರು ಹುಟ್ಟು ಹಾಕಲು ಕೂತರು. ಹಡಗು ನೀರಿಗಿಳಿದು ತೇಲಿತು. ಚಪ್ಪಾಳೆಯೋ ಚಪ್ಪಾಳೆ. ನಾನು ಸುತ್ತಲಿದ್ದವರಿಗೆ ತೇಲುವುದರ ತತ್ವ ವಿವರಿಸಲು ಶುರುಮಾಡಿದ್ದೆ. ಅಷ್ಟರಲ್ಲಿ ಹಡಗಿನ ಮೇಲಿದ್ದ ಈರಾಚಾರ್ರು ಬಗ್ಗಿ ತಮ್ಮ ಪಾದ ನೋಡಿಕೊಂಡರು.

ಒಂದು ಕಡೆಯಿಂದಲ್ಲ, ಹಲಗೆ ಹಲಗೆಯ ಸಂದಿನಿಂದಲೂ ನೀರು ಜಿನುಗುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಹಾಕಿದಷ್ಟೂ ಬಂತು. ಹೇಗೋ ದಡ ಮುಟ್ಟಿಸುವ ಹೊತ್ತಿಗೆ ನೀರು ಮೊಣಕಾಲಿಗೆ ಏರಿತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಯಾರೋ ಸಿಳ್ಳೆ ಹಾಕಿದರು. ಸಾಹೇಬರು ಪ್ಯಾಂಟು ಹಿಂಡಿಕೊಂಡರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದಾಗ ಜೈನಬ್ಬಿಗೆ ಸುದ್ದಿ ಮೊದಲೇ ಮುಟ್ಟಿತ್ತು, ವಿಡಿಯೋ ಸಮೇತ. "ಈಗ ತಿಳೀತಾ, ನಾನ್ ಯಾಕೆ ಬರ್ಲಿಲ್ಲ ಅಂತ?" ಎಂದಷ್ಟೇ ಹೇಳಿ ಗಂಡನಿಗೆ ಒಣಗಿದ ಬಟ್ಟೆ ಕೊಟ್ಟರು. ಮರುದಿನ ಸಾಹೇಬರು ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. "ನೀವೇ ಇಟ್ಕೊಳ್ಳಿ ಮೇಡಂ. ಇನ್ನೊಂದ್ಸಲ ಅವ್ಳನ್ನ ಕೇಳೋ ಮುಖ ನಂಗಿಲ್ಲ." ಮರದ ವಿಷಯದಲ್ಲಿ ತೀರ್ಪು ಕೊಟ್ಟವಳು ನಾನು. ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ.

ಈರಾಚಾರ್ರು ಮಾತ್ರ ತರೀಕೆರೆಗೆ ಹೋಗಿರಲಿಲ್ಲ. ಕೆರೆಯ ಹತ್ತಿರವೇ ಇದ್ದ ಕರಿಯಪ್ಪನ ಮನೆಯಲ್ಲಿ ಉಳಿದು ದಿನವಿಡೀ ದಡದಲ್ಲಿದ್ದ ಹಡಗಿನ ಪಕ್ಕ ಕೂತಿರುತ್ತಿದ್ದರಂತೆ. ಮೂರನೇ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಫೋನು ಬಂತು.

"ಮೇಡಂ, ಸಾಹೇಬ್ರಿಗೆ ಹೇಳಿ. ಹಡಗನ್ನ ಮುಳುಗಿಸ್ತಾ ಇದೀನಿ."

"ಅಯ್ಯೋ, ಆಚಾರ್ರೇ! ಸಿಟ್ಟು ಮಾಡ್ಕೋಬೇಡಿ..."

"ಸಿಟ್ಟಲ್ಲ ಕಣಮ್ಮ. ಬ್ಯಾಸಿಗೇಲಿ ಗಾಡಿ ಚಕ್ರ ಒಣಗಿ ಪಟ್ಟಿ ಸಡ್ಲ ಆದ್ರೆ ಏನ್ ಮಾಡ್ತೀವಿ? ಕೆರೇಲಿ ಹಾಕಿ ನೆನೆಸ್ತೀವಿ. ಮರ ಉಬ್ಬಿ ಕಚ್ಕೊಂತದೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕ್ದಂಗಾಯ್ತು ನನ್ ಕತೆ. ನೂರಾರು ಚಕ್ರ ನೆನೆ ಹಾಕ್ಸಿದೋನು ಇದನ್ನ ನೆನೆ ಹಾಕ್ದೆ ನೀರಿಗೆ ಬಿಟ್ನಲ್ಲ! ಆ ಪುಸ್ತಕದೋರು ಹಸಿ ಮರ ಅಂದಿದ್ದು ಇದಕ್ಕೇ."

ಹಡಗಿನೊಳಗೆ ಕಲ್ಲು ತುಂಬಿ ದಡದ ಹತ್ತಿರದ ನೀರಿನಲ್ಲೇ ಮುಳುಗಿಸಿದರು. ಹೋರಿಯ ಕೊಂಬು ಮಾತ್ರ ಮೇಲೆ ಕಾಣುತ್ತಿತ್ತಂತೆ. ಎಂಟು ದಿನ ಬಿಟ್ಟು ಕಲ್ಲು ತೆಗೆದು, ನೀರು ಮೊಗೆದು, ಒಂದಿಡೀ ಹಗಲು ಅದನ್ನು ತೇಲಲು ಬಿಟ್ಟು ಕಾದರು. ಸಂಜೆ ಒಳಗೆ ಕೈಯಾಡಿಸಿದರೆ ಒಂದು ಬೊಗಸೆಯಷ್ಟು ನೀರೂ ಇರಲಿಲ್ಲ. ಈಗಲೂ ಪ್ರತಿ ವರ್ಷ ನೀರಿಗೆ ಬಿಡುವ ಮುಂಚೆ ಅದನ್ನು ಹಾಗೇ ನೆನೆ ಹಾಕುತ್ತಾರೆ.

ಮರುದಿನ ಈರಾಚಾರ್ರು ಅಜ್ಜಂಪುರಕ್ಕೆ ಬಂದು ಸೀದಾ ಜೈನಬ್ಬಿಯ ಮಿಷನ್ನಿನ ಮುಂದೆ ನಿಂತರು. "ಅಕ್ಕಾ, ತಪ್ಪು ನಂದು. ನಿಮ್ ಯಜಮಾನ್ರದ್ದಲ್ಲ. ಭಾನುವಾರ ಇನ್ನೊಂದ್ಸಲ ಬಿಡ್ತೀವಿ. ಈ ಸಲ ನೀರು ಬಂದ್ರೆ ಎಲ್ರ ಮುಂದೆ ನಂಗೇ ಬೈರಿ. ಬೈಯಾಕಾದ್ರೂ ಬರ್ರಿ."

"ಬೈಯಾಕಾದ್ರೆ ಬತ್ತೀನಿ" ಎಂದರು ಜೈನಬ್ಬಿ.

ಭಾನುವಾರ ಮೋಡ ಕವಿದಿತ್ತು, ಗಾಳಿ ಜೋರಾಗಿತ್ತು. ಈ ಸಲ ಜನ ಕಡಿಮೆ. ಜೈನಬ್ಬಿ ದಡದ ಕಲ್ಲಿನ ಮೇಲೆ ಬುತ್ತಿಯ ಬುಟ್ಟಿ ಇಟ್ಟುಕೊಂಡು ಕೂತರು, ಪಕ್ಕದಲ್ಲಿ ನಾನು. ಹಡಗು ಹೊರಟಿತು. ಐದು ನಿಮಿಷವಾಯಿತು, ಹತ್ತಾಯಿತು. ಈರಾಚಾರ್ರು ಪಾದ ಎತ್ತಿ ನಮ್ಮ ಕಡೆಗೆ ತೋರಿಸಿದರು, ಒಣಗಿತ್ತು. ಆಮೇಲೆ ಹಾಯಿ ಏರಿಸಿದರು. ಆ ಕೆಂಪು ಕಂಬಳಿ ಒಮ್ಮೆ ಪಟಪಟ ಹೊಡೆದುಕೊಂಡು, ಗಾಳಿ ಹಿಡಿದು ಉಬ್ಬಿದಾಗ ನಾನು ಚೀರಿಬಿಟ್ಟೆ. ಹುಟ್ಟು ಹಾಕುವವರು ಕೈ ಬಿಟ್ಟು ಕೂತರು, ಹಡಗು ತಾನೇ ಓಡಿತು. ಜೈನಬ್ಬಿ ಎದ್ದು ನಿಂತಿದ್ದರು. ಅವರು ನೋಡುತ್ತಿದ್ದದ್ದು ಗಂಡನನ್ನಲ್ಲ, ಹಾಯಿಯ ಅಂಚನ್ನು.

"ಬಿಡ್ತು! ಅಲ್ನೋಡಿ, ಬಿಡ್ತು!"

ನಿಜ, ಅಂಚಿನ ಪಟ್ಟಿ ಕೆಳಗಿನಿಂದ ಸೀಳುತ್ತ ಬಂದು ಆಕಾಶ ಕಾಣುತ್ತಿತ್ತು. ಕರಿಯಪ್ಪ ಉಳಿಸಿಕೊಂಡಿದ್ದ ಸಾಲು. "ಅದು ನಂದಲ್ಲ! ನನ್ ಹೊಲಿಗೆ ಅಲ್ಲ ಅದು!" ಎಂದು ಜೈನಬ್ಬಿ ದಡದ ಮೇಲಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಕೂಗಿದರು. ಕರಿಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಹಾಯಿ ಇಳಿಸಿ, ಹುಟ್ಟು ಹಾಕಿಕೊಂಡು ವಾಪಸು ಬಂದರು. ಕೆಸರಿನಿಂದಾಗಿ ಹಡಗು ದಡದಿಂದ ನಾಲ್ಕು ಮಾರು ದೂರದಲ್ಲೇ ನಿಂತಿತು. ಹಾಯಿಯನ್ನು ಅದು ತೂಗುವ ಅಡ್ಡಗಳುವಿಗೆ ಬಿಗಿದಿದ್ದರು, ಬಿಚ್ಚಿ ತಂದರೆ ಅರ್ಧ ದಿನದ ಕೆಲಸ. ಈರಾಚಾರ್ರು ಒಂದು ತುಂಡು ಹುರಿ ತೆಗೆದು ಹಾಯಿಗೆ ತೂತು ಮಾಡಿ ಸೀಳನ್ನು ಕಟ್ಟಲು ಹೊರಟರು.

"ಕೈ ತೆಗೀರಿ ಆಚಾರ್ರೇ!"

ಜೈನಬ್ಬಿ ಬುಟ್ಟಿಯಿಂದ ದಬ್ಬಳ, ದಾರದ ಉಂಡೆ ತೆಗೆದರು. ಅವು ಬುಟ್ಟಿಯಲ್ಲಿ ಯಾಕಿದ್ದವೋ, ನಾನು ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಸಾಹೇಬರು ಬಗ್ಗಿ ಕೈ ಕೊಟ್ಟರು. ಆಕೆ ಒಂದು ಕ್ಷಣ ಆ ಕೈಯನ್ನು ನೋಡಿ, ಹಿಡಿದು ಹತ್ತಿದರು. ಹಡಗಿನ ನಡುವೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಹಾಯಿ ಎಳೆದುಕೊಂಡು ಹೊಲಿಯತೊಡಗಿದರು. ಹಡಗು ತೂಗುತ್ತಿತ್ತು, ಹೊಲಿಗೆ ಮಾತ್ರ ಓರೆಯಾಗಲಿಲ್ಲ. ಸಾಹೇಬರು ಪಕ್ಕದಲ್ಲಿ ದಾರದ ಉಂಡೆ ಹಿಡಿದು ಕೂತರು. ಅರ್ಧ ಗಂಟೆಯ ಮೇಲೆ ಆಕೆ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದರು.

"ಇಳೀತೀಯಾ?" ಸಾಹೇಬರು ಕೇಳಿದರು.

"ಗಾಳಿ ತಡೀತದಾ ಇಲ್ವಾ ನೋಡ್ದೆ ಹೆಂಗೆ ಇಳೀಲಿ?" ಎಂದರು ಜೈನಬ್ಬಿ. ಆಮೇಲೆ ದಡಕ್ಕೆ ತಿರುಗಿ, "ಟೀಚರಮ್ಮ, ನೀವೂ ಬರ್ರಿ. ಗಂಡಸ್ರ ಮಧ್ಯ ನಾನೊಬ್ಳೇ ಕೂರ್ಲಾ?"

ಈಜು ಬಾರದವಳು ನಾನು. ಲಾರಿಯ ಟ್ಯೂಬೊಂದನ್ನು ಕೊರಳಿಗೆ ಹಾಕಿಕೊಂಡು, ವಿಜ್ಞಾನವನ್ನೆಲ್ಲ ಮರೆತು, ಮನೆದೇವರನ್ನು ನೆನೆಯುತ್ತ ಹತ್ತಿದೆ.

ಹಾಯಿ ಏರಿತು. ಹೊಲಿಗೆ ಬಿಗಿದು ನಿಂತಿತು, ಒಂದೆಳೆ ಸರಿಯಲಿಲ್ಲ. ಹಡಗು ಒಮ್ಮೆ ಓರೆಯಾಗಿ ಮುಂದಕ್ಕೆ ಜಿಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಜೈನಬ್ಬಿ ಹಾಯಿಯ ಕಡೆ ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಕೂತಿದ್ದರು. ದಡದ ಮೇಲಿನ ಜನ, ಕಲ್ಲಿನ ಮೇಲಿಟ್ಟ ಬುಟ್ಟಿ, ಟ್ರ್ಯಾಕ್ಟರು, ಎಲ್ಲ ಚಿಕ್ಕದಾಗುತ್ತಿದ್ದವು. ಬಹಳ ಹೊತ್ತು ನೋಡಿದರು.

"ನೀವೇ ಬಿಟ್ಟು ಹೋಗ್ತೀರಿ ಅಂತ ಅಂದ್ಕೊಂಡಿದ್ದೆ ನಾನು" ಎಂದರು ಗಂಡನಿಗೆ. "ಇಲ್ಲಿಂದ ನೋಡಿದ್ರೆ ದಡಾನೇ ಬಿಟ್ಟು ಹೋಗ್ತದಲ್ರೀ."

ಸಾಹೇಬರು ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂತಿದ್ದರು. ತೋಳಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಚುಕ್ಕಾಣಿ ತಪ್ಪಿ, ಹಡಗು ಗರಕ್ಕನೆ ತಿರುಗಿತು. "ನೆಟ್ಟಗೆ ಓಡ್ಸಿ! ಇದಕ್ಕೇನಾ ಅಷ್ಟ್ ವರ್ಷ ಸಂಬ್ಳ ಕೊಟ್ಟಿದ್ದು ಅವ್ರು?" ಎಂದು ಜೈನಬ್ಬಿ ಗದರಿದರು. ಈರಾಚಾರ್ರು ಹೋರಿಯ ಕೊಂಬು ಹಿಡಿದುಕೊಂಡು ನಗತೊಡಗಿದರು. ನಾನು ನಗುತ್ತ ಅಳುತ್ತಿದ್ದೆ.

ಕೆರೆಯನ್ನು ಒಂದು ಸುತ್ತು ಹಾಕಿ ದಡಕ್ಕೆ ಬಂದೆವು. ಕರಿಯಪ್ಪ ಸೊಂಟದ ಮಟ್ಟ ನೀರಿಗಿಳಿದು, "ನಿಧಾನಕ್ಕೆ ಇಳೀರಿ ಅಕ್ಕಾ" ಎಂದು ಕೈ ಚಾಚಿದ. ಸಾಹೇಬರೂ ಇಳಿಸಲು ಎದ್ದು ನಿಂತರು. ಜೈನಬ್ಬಿ ಕೂತಲ್ಲಿಂದ ಏಳಲಿಲ್ಲ.

"ಇಪ್ಪತ್ತೆರಡು ವರ್ಷ ನೀವೊಬ್ರೇ ಸುತ್ತಿದ್ರಿ" ಎಂದರು. "ನಂಗೆ ಒಂದೇ ಸುತ್ತಾ?"

ಈರಾಚಾರ್ರು ಹುಟ್ಟು ತೆಗೆದುಕೊಂಡು ಕೆಸರಿಗೆ ಊರಿ ಹಡಗನ್ನು ಮತ್ತೆ ನೀರಿಗೆ ದೂಡಿದರು.